ಕರ್ತನಲ್ಲಿ ಸಂತೋಷ: ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯಲ್ಲಿ ಬಾಧೆ ಮತ್ತು ಆನಂದ

ಪೀಠಿಕೆ

ಸಂಕಟದಲ್ಲಿರುವ ವಿಶ್ವಾಸಿಯ ಮನೆಗೆ ಹೋಗುವ ಸಭಾಪಾಲಕರು ಸಾಮಾನ್ಯವಾಗಿ ಮೂರು ವೇದಭಾಗಗಳಲ್ಲಿ ಒಂದನ್ನು ಓದುತ್ತಾರೆ. ನಾನಾ ಶೋಧನೆಗಳನ್ನು ಸಂತೋಷವೆಂದು ಎಣಿಸುವಂತೆ ಹೇಳುವ ಯಾಕೋಬ 1:2–4. ಉಪದ್ರವದಿಂದ ತಾಳ್ಮೆಯೂ ತಾಳ್ಮೆಯಿಂದ ನಿರೀಕ್ಷೆಯೂ ಹುಟ್ಟುವುದನ್ನು ವಿವರಿಸುವ ರೋಮಾಪುರ 5:3–5. ಕರ್ತನಲ್ಲಿ ಯಾವಾಗಲೂ ಸಂತೋಷಪಡಬೇಕೆಂದು ಬೋಧಿಸುವ ಫಿಲಿಪ್ಪಿ 4:4. ಈ ಮಾತುಗಳು ಅನೇಕರನ್ನು ಎತ್ತಿ ನಿಲ್ಲಿಸಿವೆ. ಆದರೆ ಇದೇ ಮಾತುಗಳು ಕೆಲವರಿಗೆ ಗಾಯದ ಮೇಲಿನ ಬರೆಯೂ ಆಗಿವೆ. ಮಗುವನ್ನು ಮಣ್ಣುಮಾಡಿ ಬಂದ ತಾಯಿಗೆ ಅದೇ ಸಂಜೆ ಸಂತೋಷಪಡಲು ಹೇಳಿದರೆ, ಆಕೆ ತನ್ನ ದುಃಖದ ಜೊತೆಗೆ ತನ್ನ ನಂಬಿಕೆಯೇ ಸಾಲದೆಂಬ ಅಪರಾಧಭಾವವನ್ನೂ ಹೊರಬೇಕಾಗುತ್ತದೆ.

ಒಂದೇ ವಾಕ್ಯವು ಒಬ್ಬರಿಗೆ ಔಷಧವೂ ಇನ್ನೊಬ್ಬರಿಗೆ ಭಾರವೂ ಆಗುವುದೇಕೆ? ವಾಕ್ಯದಲ್ಲಿ ದೋಷವಿಲ್ಲ, ಅದನ್ನು ಅದರ ಸಂದರ್ಭದಿಂದ ಕಿತ್ತು ಕೊಡುವ ಕ್ರಮದಲ್ಲಿ ದೋಷವಿದೆ ಎಂಬುದು ನಮ್ಮ ಅಭಿಪ್ರಾಯ. ಈ ಲೇಖನದಲ್ಲಿ ನಾವು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯನ್ನು ಮುಂದಿಟ್ಟುಕೊಂಡು, ಪೌಲನು ಹೇಳುವ ಸಂತೋಷವು ಎಲ್ಲಿಂದ ಬರುತ್ತದೆ, ಬಾಧೆಗೂ ಅದಕ್ಕೂ ಇರುವ ಸಂಬಂಧವೇನು, ಅದು ಹೇಗೆ ನೆಲೆನಿಲ್ಲುತ್ತದೆ ಎಂಬುದನ್ನು ಪರಿಶೀಲಿಸೋಣ.

1. ಪಟ್ಟಣ, ಸಭೆ, ಪತ್ರಿಕೆ

ಫಿಲಿಪ್ಪಿಯು ಮಕೆದೋನ್ಯದ ಒಂದು ಪಟ್ಟಣ. ಅಲೆಕ್ಸಾಂಡರನ ತಂದೆಯಾದ ಎರಡನೆಯ ಫಿಲಿಪ್ಪನ ಹೆಸರು ಅದಕ್ಕೆ ಬಂದಿತ್ತು. ಕ್ರಿ.ಪೂ. 42ರಲ್ಲಿ ಅದರ ಬಯಲಿನಲ್ಲಿ ನಡೆದ ಯುದ್ಧದ ನಂತರ ನಿವೃತ್ತ ರೋಮನ್ ಸೈನಿಕರಿಗೆ ಅಲ್ಲಿ ಭೂಮಿ ಕೊಡಲಾಯಿತು. ಹೀಗೆ ಅದು ರೋಮನ್ ವಸಾಹತಾಯಿತು. ಪೌರತ್ವ, ಪದವಿ, ಗೌರವ ಇವುಗಳಿಗೆ ಬಹಳ ಬೆಲೆಯಿದ್ದ ಊರು ಅದು.

ಅಲ್ಲಿ ಸಭೆ ಹುಟ್ಟಿದ ಬಗೆಯನ್ನು ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯ ತಿಳಿಸುತ್ತದೆ. ನದಿಯ ದಡದಲ್ಲಿ ಪ್ರಾರ್ಥನೆಗೆ ಕೂಡಿದ್ದ ಸ್ತ್ರೀಯರು, ಅವರಲ್ಲಿ ಥುವತೈರದ ಬಟ್ಟೆವ್ಯಾಪಾರಿಯಾದ ಲುದ್ಯಳು. ಯಜಮಾನರಿಗೆ ಕಣಿಹೇಳಿ ಹಣ ಗಳಿಸಿಕೊಡುತ್ತಿದ್ದ ದಾಸಿ. ಸೆರೆಮನೆಯ ಅಧಿಕಾರಿ ಮತ್ತು ಅವನ ಮನೆಯವರು. ದಾಸಿಯು ಬಿಡುಗಡೆಯಾದಾಗ ಅವಳ ಯಜಮಾನರ ಆದಾಯ ನಿಂತುಹೋಯಿತು. ಅದರ ಫಲವಾಗಿ ಪೌಲ ಸೀಲರು ವಿಚಾರಣೆಯಿಲ್ಲದೆ ಬಹಿರಂಗವಾಗಿ ಹೊಡೆಸಿಕೊಂಡು ಸೆರೆಗೆ ಬಿದ್ದರು. ನಡುರಾತ್ರಿಯಲ್ಲಿ ಅವರು ದೇವರನ್ನು ಸ್ತುತಿಸಿ ಹಾಡಿದ್ದನ್ನು ನಮ್ಮ ಪ್ರಸಂಗಗಳು ಮರೆಯುವುದಿಲ್ಲ. ಆದರೆ ಬೆಳಗಾದ ಮೇಲೆ ನಡೆದದ್ದನ್ನು ಬಹುಮಟ್ಟಿಗೆ ಮರೆಯುತ್ತವೆ. ಅಧಿಕಾರಿಗಳು ಅವರನ್ನು ಗುಟ್ಟಾಗಿ ಕಳುಹಿಸಿಬಿಡಲು ನೋಡಿದಾಗ ಪೌಲನು ಒಪ್ಪಲಿಲ್ಲ. ರೋಮನ್ ಪೌರರಾದ ತಮ್ಮನ್ನು ನ್ಯಾಯತೀರ್ಪಿಲ್ಲದೆ ಹೊಡೆಸಿದವರು ತಾವೇ ಬಂದು ಹೊರಗೆ ಕರೆದುಕೊಂಡು ಹೋಗಲಿ ಎಂದು ಪಟ್ಟುಹಿಡಿದನು. ರಾತ್ರಿ ಹಾಡಿದ ಬಾಯಿಯೇ ಬೆಳಿಗ್ಗೆ ನ್ಯಾಯವನ್ನು ಕೇಳಿತು. ಕ್ರೈಸ್ತ ಸಂತೋಷವು ಅನ್ಯಾಯಕ್ಕೆ ಸಮ್ಮತಿಯಲ್ಲ ಎಂಬುದನ್ನು ಈ ಸಭೆಯು ತನ್ನ ಹುಟ್ಟಿನ ದಿನಗಳಲ್ಲೇ ಕಣ್ಣಾರೆ ಕಂಡಿತು.

ವರ್ಷಗಳ ತರುವಾಯ ಇದೇ ಸಭೆಗೆ ಪೌಲನು ಮತ್ತೊಂದು ಸೆರೆಯಿಂದ ಪತ್ರ ಬರೆಯುತ್ತಾನೆ. ಆ ಸೆರೆ ರೋಮಿನಲ್ಲಿತ್ತೋ ಎಫೆಸದಲ್ಲಿತ್ತೋ ಕೈಸರೈಯದಲ್ಲಿತ್ತೋ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಮರಣದಂಡನೆಯ ಸಾಧ್ಯತೆ ಅವನ ಕಣ್ಣಮುಂದಿತ್ತೆಂಬುದು ಮಾತ್ರ ಪತ್ರಿಕೆಯಿಂದಲೇ ಸ್ಪಷ್ಟವಾಗುತ್ತದೆ (1:20–23). ಆ ಕಾಲದ ಸೆರೆಯಾಳು ಊಟ ಬಟ್ಟೆಗಳಿಗೆ ಹೊರಗಿನವರನ್ನೇ ಬಹುವಾಗಿ ಅವಲಂಬಿಸಬೇಕಿತ್ತು. ಅದಕ್ಕಾಗಿ ಫಿಲಿಪ್ಪಿಯ ಸಭೆ ಎಪಫ್ರೊದೀತನ ಕೈಯಲ್ಲಿ ಸಹಾಯ ಕಳುಹಿಸಿತ್ತು. ಬಂದವನು ಸಾಯುವಷ್ಟು ಕಾಯಿಲೆಬಿದ್ದನು. ಇತ್ತ ಸಭೆಯಲ್ಲಿ ಯುವೊದ್ಯ ಮತ್ತು ಸಂತುಕೆ ಎಂಬ ಇಬ್ಬರು ಸೇವಕಿಯರ ನಡುವೆ ಭಿನ್ನಾಭಿಪ್ರಾಯವಿತ್ತು. ಸೆರೆ, ಕಾಯಿಲೆ, ವಿರೋಧ, ಮನಸ್ತಾಪ ಇವುಗಳ ನಡುವೆ ಬರೆದ ನಾಲ್ಕೇ ಅಧ್ಯಾಯಗಳ ಈ ಪತ್ರಿಕೆಯಲ್ಲಿ ಸಂತೋಷವನ್ನು ಸೂಚಿಸುವ ಪದಗಳು ಮೂಲ ಗ್ರೀಕಿನಲ್ಲಿ 16 ಸಲ ಬರುತ್ತವೆ.

2. ಖಾರಾ, ಖಾರಿಸ್ ಮತ್ತು ನಮ್ಮ ‘ಸಂತೋಷ’

ಸಂತೋಷಕ್ಕೆ ಪೌಲನು ಬಳಸುವ ನಾಮಪದ ‘ಖಾರಾ’. ಕೃಪೆ ಎಂಬ ಅರ್ಥದ ‘ಖಾರಿಸ್’ ಎಂಬ ಪದವೂ ಅದೇ ಧಾತುವಿನಿಂದ ಬಂದದ್ದು. ಶಬ್ದಸಾಮ್ಯದಿಂದಲೇ ಒಂದು ಸಿದ್ಧಾಂತವನ್ನು ಕಟ್ಟಲಾಗದು. ಆದರೆ ಈ ಪತ್ರಿಕೆಯ ವಿಚಾರಸರಣಿ ಆ ಸಾಮ್ಯಕ್ಕೆ ಇಂಬುಕೊಡುತ್ತದೆ. ಪೌಲನ ಸಂತೋಷ ಅವನು ಸಾಧಿಸಿಕೊಂಡದ್ದಲ್ಲ. ಅದು ಅವನಿಗೆ ದಯಪಾಲಿಸಲ್ಪಟ್ಟದ್ದು.

ಕನ್ನಡ ಸತ್ಯವೇದದಲ್ಲಿ ಇದಕ್ಕೆ ‘ಸಂತೋಷ’ ಎಂಬ ಪದ ನೆಲೆಗೊಂಡಿದೆ. ಸಂತೋಷದ ಮೂಲದಲ್ಲಿರುವ ‘ತುಷ್’ ಧಾತುವಿಗೆ ತೃಪ್ತಿಹೊಂದು ಎಂದು ಅರ್ಥ. ಆದುದರಿಂದ ನಮ್ಮ ಪದದೊಳಗೆ ‘ಸಾಕು’ ಎಂಬ ಭಾವ ಅಡಗಿದೆ. ಗ್ರೀಕ್ ಪದದ ಪಕ್ಕದಲ್ಲಿ ‘ಕೊಡಲ್ಪಟ್ಟಿತು’ ಎಂಬ ಭಾವವಿದೆ. ಇವೆರಡೂ ಒಂದಕ್ಕೊಂದು ಪೂರಕವಾಗಿವೆ. ಕೊಟ್ಟವನು ಯಾರೆಂದು ತಿಳಿದಾಗ ಕೊಟ್ಟದ್ದು ಸಾಕೆನಿಸುತ್ತದೆ. ಸುಖವು ಪರಿಸ್ಥಿತಿಯನ್ನು ಅವಲಂಬಿಸಿರುತ್ತದೆ. ಹರ್ಷವು ಕ್ಷಣದಲ್ಲಿ ಉಕ್ಕಿ ಇಳಿಯುತ್ತದೆ. ಪೌಲನು ಹೇಳುವ ಸಂತೋಷಕ್ಕೆ ‘ಕರ್ತನಲ್ಲಿ’ ಎಂಬ ಆಧಾರವಿದೆ. ಈ ಒಂದು ಪದವನ್ನು ಬಿಟ್ಟು 4:4ನ್ನು ಓದಿದರೆ ಅದು ಮನೋಬಲದ ಉಪದೇಶವಾಗಿಬಿಡುತ್ತದೆ. ಆ ಕ್ರಿಯಾಪದ ಬಹುವಚನದಲ್ಲಿದೆ ಎಂಬುದನ್ನೂ ಗಮನಿಸಬೇಕು. ಏಕಾಂಗಿಯಾಗಿ ನರಳುವ ಒಬ್ಬನಿಗೆ ಕೊಟ್ಟ ಆಜ್ಞೆ ಅದಲ್ಲ. ಒಟ್ಟಾಗಿ ಬದುಕುವ ಸಭೆಗೆ ಕೊಟ್ಟ ಕರೆ ಅದು.

3. ಬಾಧೆಯೇ ವರವೇ?

ಇಲ್ಲಿ ಒಂದು ಕಠಿಣ ವಾಕ್ಯವನ್ನು ಎದುರಿಸಬೇಕಾಗಿದೆ. 1:29ರಲ್ಲಿ, ಕ್ರಿಸ್ತನಲ್ಲಿ ನಂಬಿಕೆಯಿಡುವುದು ಮಾತ್ರವಲ್ಲದೆ ಆತನಿಗೋಸ್ಕರ ಬಾಧೆಪಡುವುದೂ ಫಿಲಿಪ್ಪಿಯವರಿಗೆ ಅನುಗ್ರಹವಾಗಿ ದೊರಕಿದೆ ಎಂದು ಪೌಲನು ಹೇಳುತ್ತಾನೆ. ಇಲ್ಲಿನ ಕ್ರಿಯಾಪದವೂ ‘ಖಾರಿಸ್’ ಕುಲದ್ದೇ. ಇದನ್ನು ಆಧರಿಸಿ ಎಲ್ಲ ನೋವೂ ದೇವರ ವರವೆಂದು ಬೋಧಿಸುವ ರೂಢಿ ಇದೆ.

ಪತ್ರಿಕೆಯೇ ಆ ಬೋಧನೆಗೆ ಅಡ್ಡಬರುತ್ತದೆ. ಪೌಲನು ಇಲ್ಲಿ ಹೇಳುತ್ತಿರುವುದು ಸುವಾರ್ತೆಯ ನಿಮಿತ್ತ ಬರುವ ವಿರೋಧವನ್ನು ಕುರಿತು. ಎಪಫ್ರೊದೀತನ ಕಾಯಿಲೆಯ ವಿಷಯದಲ್ಲಿ ಅವನ ಮಾತು ಬೇರೆಯೇ ಆಗಿದೆ (2:25–30). ಅಲ್ಲಿ ಅವನು ಕಾಯಿಲೆಯನ್ನು ವರವೆನ್ನುವುದಿಲ್ಲ. ಗುಣವಾದದ್ದನ್ನು ದೇವರ ಕರುಣೆಯೆನ್ನುತ್ತಾನೆ. ಒಂದುವೇಳೆ ಅವನು ಸತ್ತಿದ್ದರೆ ತನಗೆ ದುಃಖದ ಮೇಲೆ ದುಃಖವಾಗುತ್ತಿತ್ತೆಂದು ಒಪ್ಪಿಕೊಳ್ಳುತ್ತಾನೆ. ಸಂತೋಷದ ಅಪೊಸ್ತಲನೆನಿಸಿದವನು, ಗೆಳೆಯನ ಸಾವಿನಿಂದ ತನ್ನ ಹೃದಯ ಒಡೆಯುತ್ತಿತ್ತು ಎಂದು ಬರೆಯಲು ಸಂಕೋಚಪಡುವುದಿಲ್ಲ.

ಅದೇ ಭಾಗದಲ್ಲಿ ಇನ್ನೊಂದು ಸೂಕ್ಷ್ಮವಿದೆ. ತಾನು ಕಾಯಿಲೆಬಿದ್ದ ಸುದ್ದಿ ತನ್ನವರಿಗೆ ತಲುಪಿತೆಂದು ಎಪಫ್ರೊದೀತನು ವ್ಯಾಕುಲಪಟ್ಟನು. ಆ ವ್ಯಾಕುಲವನ್ನು ಸೂಚಿಸುವ ಗ್ರೀಕ್ ಕ್ರಿಯಾಪದವನ್ನೇ ಗೆತ್ಸೇಮನೆಯಲ್ಲಿ ಯೇಸು ಅನುಭವಿಸಿದ ಮನೋವೇದನೆಗೆ ಮತ್ತಾಯ ಮಾರ್ಕರು ಬಳಸುತ್ತಾರೆ (ಮತ್ತಾಯ 26:37, ಮಾರ್ಕ 14:33). ಹೀಗೆ ವ್ಯಾಕುಲಪಟ್ಟವನನ್ನು ಪೌಲನು ಅಲ್ಪವಿಶ್ವಾಸಿಯೆಂದು ಗದರಿಸಲಿಲ್ಲ. ಇಂಥವರನ್ನು ಗೌರವಿಸಿರಿ ಎಂಬ ಅರ್ಥದಲ್ಲಿ ಸಭೆಗೆ ಶಿಫಾರಸು ಮಾಡಿದನು.

ಆದುದರಿಂದ ಒಂದು ಭೇದವನ್ನು ನಾವು ಸ್ಪಷ್ಟವಾಗಿ ಕಾಯ್ದುಕೊಳ್ಳಬೇಕು. ನಂಬಿಕೆಯ ನಿಮಿತ್ತ ಹೊರುವ ಶಿಲುಬೆ ಒಂದು. ಕಾಯಿಲೆ, ಮರಣ, ವಿಪತ್ತುಗಳಿಂದ ಬರುವ ನೋವು ಇನ್ನೊಂದು. ಮನುಷ್ಯರು ಮನುಷ್ಯರ ಮೇಲೆ ಹೇರುವ ಅನ್ಯಾಯ ಮತ್ತೊಂದು. ಕುಡಿದು ಹೊಡೆಯುವ ಗಂಡನ ಕೈಯಲ್ಲಿ ನರಳುವ ಹೆಂಗಸಿಗೆ, ಜಾತಿಯ ನಿಮಿತ್ತ ಅವಮಾನಕ್ಕೆ ಒಳಗಾದವನಿಗೆ, ಇದು ನಿನ್ನ ಶಿಲುಬೆ, ಸಂತೋಷದಿಂದ ಹೊರು ಎಂದು ಹೇಳುವ ಅಧಿಕಾರವನ್ನು ಈ ಪತ್ರಿಕೆ ಯಾರಿಗೂ ಕೊಡುವುದಿಲ್ಲ. ಮೂರು ಬಗೆಯ ನೋವಿನಲ್ಲಿಯೂ ಕ್ರಿಸ್ತನು ಜೊತೆಯಿದ್ದಾನೆ ಎಂಬುದು ನಿಜ. ಮೂರನ್ನೂ ಆತನೇ ಕೊಟ್ಟನೆಂಬುದು ಅದರಿಂದ ಫಲಿಸುವುದಿಲ್ಲ.

4. ಸ್ತೋಯಿಕರ ನಿಶ್ಚಲತೆಯೂ ಪೌಲನ ತೃಪ್ತಿಯೂ

ಬಾಧೆಗೆ ಅಲುಗದ ಮನಸ್ಸನ್ನು ಪೌಲನ ಕಾಲದ ಜಗತ್ತೂ ಬಹಳ ಹೊಗಳುತ್ತಿತ್ತು. ಸ್ತೋಯಿಕ ತತ್ತ್ವಜ್ಞಾನಿಗಳ ಪ್ರಕಾರ, ತನ್ನ ವಶದಲ್ಲಿಲ್ಲದ ಯಾವುದಕ್ಕೂ ಮನಸ್ಸನ್ನು ಅಂಟಿಸಿಕೊಳ್ಳದವನೇ ಜ್ಞಾನಿ. ಅಂಥವನನ್ನು ವರ್ಣಿಸಲು ಅವರು ಬಳಸುತ್ತಿದ್ದ ಪದ ‘ಔತಾರ್ಕೆಸ್’, ಅಂದರೆ ತನಗೆ ತಾನೇ ಸಾಕಾದವನು. 4:11ರಲ್ಲಿ ಪೌಲನು ಈ ಪದವನ್ನೇ ತನಗೆ ಅನ್ವಯಿಸಿಕೊಳ್ಳುತ್ತಾನೆ. ಕೊರತೆಯಲ್ಲಿಯೂ ಸಮೃದ್ಧಿಯಲ್ಲಿಯೂ ತೃಪ್ತನಾಗಿರಲು ತಾನು ಕಲಿತಿದ್ದೇನೆ ಎನ್ನುತ್ತಾನೆ. ಕಲಿತಿದ್ದೇನೆ ಎಂಬ ಮಾತು ಗಮನಾರ್ಹ. ಅದು ಒಂದು ರಾತ್ರಿಯಲ್ಲಿ ಬಂದದ್ದಲ್ಲ. ಹಸಿವೆ, ಪ್ರಯಾಣ, ಏಟುಗಳ ದೀರ್ಘ ಶಾಲೆಯಲ್ಲಿ ದೊರೆತದ್ದು.

ಆದರೆ ಪದವನ್ನು ಎತ್ತಿಕೊಂಡ ಪೌಲನು ಅದರ ತಿರುಳನ್ನು ಬದಲಾಯಿಸುತ್ತಾನೆ. ಎರಡು ವಚನಗಳ ನಂತರ, ತನ್ನ ಸಾಮರ್ಥ್ಯವೆಲ್ಲವೂ ತನ್ನನ್ನು ಬಲಪಡಿಸುವಾತನಿಂದ ಬಂದದ್ದೆಂದು ಹೇಳುತ್ತಾನೆ. ಅದರ ಬೆನ್ನಲ್ಲೇ, ನನ್ನ ಸಂಕಟದಲ್ಲಿ ನೀವು ಪಾಲುಗೊಂಡದ್ದು ಒಳ್ಳೆಯದಾಯಿತು ಎಂಬರ್ಥದ ಕೃತಜ್ಞತೆಯನ್ನು ಸೇರಿಸುತ್ತಾನೆ (4:14). ತನಗೆ ತಾನೇ ಸಾಕಾದವನಿಗೆ ಇನ್ನೊಬ್ಬರ ಪಾಲುಗಾರಿಕೆ ಏಕೆ ಬೇಕು? ಸ್ತೋಯಿಕನ ಶಾಂತಿ, ಸಂಬಂಧಗಳಿಂದ ಬಿಡಿಸಿಕೊಳ್ಳುವುದರಿಂದ ಬರುತ್ತದೆ. ಪೌಲನ ಸಂತೋಷವೋ ಸಂಬಂಧದಲ್ಲಿ ಆಳವಾಗಿ ಬೇರೂರುವುದರಿಂದ ಬರುತ್ತದೆ. ಅದಕ್ಕಾಗಿಯೇ ಅವನು ಹಂಬಲಿಸುತ್ತಾನೆ (1:8), ಕಣ್ಣೀರಿಡುತ್ತಾನೆ (3:18), ಸಂತೋಷಿಸುತ್ತಾನೆ. ಕಣ್ಣೀರಿಗೆ ಎಡೆಯಿಲ್ಲದ ಸಂತೋಷ ಅವನಿಗೆ ಪರಿಚಿತವಲ್ಲ.

ನಮ್ಮ ದೇಶದಲ್ಲಿಯೂ ಸುಖದುಃಖಗಳನ್ನು ಸಮನಾಗಿ ಕಾಣುವ ಸ್ಥಿತಪ್ರಜ್ಞತೆಯ ಆದರ್ಶ ಪುರಾತನವಾದದ್ದು, ಗೌರವಾರ್ಹವಾದದ್ದು. ಕ್ರೈಸ್ತ ಸಂತೋಷವನ್ನು ಅದರ ಮತ್ತೊಂದು ಹೆಸರೆಂದು ನಾವು ತಿಳಿಯಬಾರದು. ಲಾಜರನ ಸಮಾಧಿಯ ಬಳಿ ಅತ್ತ ಯೇಸುವಿನ ಶಿಷ್ಯರು ದುಃಖವನ್ನು ದುಃಖವೆಂದೇ ಕರೆಯುತ್ತಾರೆ. ಹಾಗೆ ಕರೆದೂ ನಿರೀಕ್ಷೆಯನ್ನು ಬಿಡುವುದಿಲ್ಲ.

5. ಪಾಲುಗಾರಿಕೆಯೇ ಮೂಲ

ಹಾಗಾದರೆ ಬಾಧೆಗೂ ಸಂತೋಷಕ್ಕೂ ಇರುವ ಕೊಂಡಿ ಯಾವುದು? ‘ಕೊಯಿನೋನಿಯ’, ಅಂದರೆ ಅನ್ಯೋನ್ಯತೆ ಅಥವಾ ಪಾಲುಗಾರಿಕೆ ಎಂಬುದು ನಮ್ಮ ಉತ್ತರ. ಈ ಪದವೂ ಅದರ ಬಳಗದ ಪದಗಳೂ ಪತ್ರಿಕೆಯಲ್ಲಿ ಆರು ಸಲ ಬರುತ್ತವೆ: ಸುವಾರ್ತೆಯಲ್ಲಿ ಪಾಲು (1:5), ಕೃಪೆಯಲ್ಲಿ ಪಾಲು (1:7), ಆತ್ಮನ ಅನ್ಯೋನ್ಯತೆ (2:1), ಕ್ರಿಸ್ತನ ಬಾಧೆಗಳಲ್ಲಿ ಪಾಲು (3:10), ಪೌಲನ ಸಂಕಟದಲ್ಲಿ ಪಾಲು (4:14), ಕೊಡುವ ಕೊಳ್ಳುವ ವಿಷಯದಲ್ಲಿ ಪಾಲು (4:15). ದೇವರ ಕೃಪೆಯಿಂದ ಹಿಡಿದು ಹಣದ ಸಹಾಯದವರೆಗೆ ಎಲ್ಲವನ್ನೂ ಒಂದೇ ಪದ ಹೊಲಿದಿದೆ.

3:10ರಲ್ಲಿರುವ ಕ್ರಮವು ವಿಶೇಷ ಗಮನಕ್ಕೆ ಅರ್ಹ. ಮೊದಲು ಬಾಧೆ, ಆಮೇಲೆ ಪುನರುತ್ಥಾನ ಎಂದು ಬರೆಯುವುದು ಸಹಜವಾಗಿತ್ತು. ಆದರೆ ಪೌಲನು ಕ್ರಿಸ್ತನನ್ನು, ಆತನ ಪುನರುತ್ಥಾನದ ಶಕ್ತಿಯನ್ನು, ಆತನ ಬಾಧೆಗಳ ಪಾಲುಗಾರಿಕೆಯನ್ನು ತಿಳಿಯಬೇಕೆಂದು ಈ ಅನುಕ್ರಮದಲ್ಲಿ ಹೇಳುತ್ತಾನೆ. ಎದ್ದುಬಂದ ಕ್ರಿಸ್ತನ ಜೀವವೇ ಬಾಧೆಯೊಳಗೆ ಕಾಲಿಡಲು ಬಲಕೊಡುತ್ತದೆ. ನೋವು ಸಂತೋಷವನ್ನು ಉತ್ಪಾದಿಸುವ ಯಂತ್ರವಲ್ಲ. ನೋವು ಅನೇಕರನ್ನು ಕಹಿಯಾಗಿಸಿದೆ, ಮುರಿದಿದೆ. ಬಾಧೆಯೊಳಗೆ ಕ್ರಿಸ್ತನು ಇರುವುದರಿಂದಲೇ ಅಲ್ಲಿ ಸಂತೋಷ ಸಾಧ್ಯವಾಗುತ್ತದೆ.

ಆತನು ಅಲ್ಲಿಗೆ ಬಂದದ್ದು ಹೇಗೆಂಬುದನ್ನು 2:5–11 ತಿಳಿಸುತ್ತದೆ. ದೇವಸ್ವರೂಪನಾದಾತನು ತನ್ನನ್ನು ಬರಿದುಮಾಡಿಕೊಂಡು, ದಾಸನ ರೂಪ ಧರಿಸಿ, ಶಿಲುಬೆಯ ಮರಣದವರೆಗೆ ಇಳಿದನು. ಶಿಲುಬೆಯು ದಾಸರಿಗೂ ದಂಗೆಕೋರರಿಗೂ ವಿಧಿಸುತ್ತಿದ್ದ ಅವಮಾನದ ಮರಣ. ರೋಮನ್ ಪೌರತ್ವದ ಹೆಮ್ಮೆಯಿದ್ದ ಊರಿನಲ್ಲಿ ಈ ಮಾತು ಕಿವಿಗೆ ಕಹಿಯಾಗಿದ್ದಿರಬೇಕು. ಮನುಷ್ಯನ ನೋವಿನ ಅತಿ ಕೆಳಗಿನ ಮೆಟ್ಟಿಲಿಗೂ ದೇವರ ಕುಮಾರನು ಮೊದಲೇ ಇಳಿದಿದ್ದಾನೆ. 1518ರ ಹೈಡೆಲ್‌ಬರ್ಗ್ ವಾದಸಭೆಯಲ್ಲಿ ಮಾರ್ಟಿನ್ ಲೂಥರನು ಶಿಲುಬೆಯ ದೇವಶಾಸ್ತ್ರವನ್ನು ಮಂಡಿಸಿದಾಗ ಒತ್ತಿಹೇಳಿದ್ದೂ ಇದನ್ನೇ: ದೇವರನ್ನು ಕಾಣಬೇಕಾದ ಸ್ಥಳ ಮಹಿಮೆಯ ಶಿಖರವಲ್ಲ, ಬಾಧೆ ಮತ್ತು ಶಿಲುಬೆ.

ಈ ಸಂತೋಷ ನೆಲೆನಿಲ್ಲುವುದೇಕೆಂಬುದು ಈಗ ತಿಳಿಯುತ್ತದೆ. ಪರಿಸ್ಥಿತಿಯಲ್ಲಿ ನೆಟ್ಟ ಸಂತೋಷ ಪರಿಸ್ಥಿತಿಯೊಡನೆ ಬೀಳುತ್ತದೆ. ಮನೋಬಲದಲ್ಲಿ ನೆಟ್ಟದ್ದು ಮನಸ್ಸು ದಣಿದಾಗ ಬೀಳುತ್ತದೆ. ಮರಣವನ್ನು ದಾಟಿದ ವ್ಯಕ್ತಿಯಲ್ಲಿ ನೆಟ್ಟ ಸಂತೋಷವನ್ನು ಕಿತ್ತುಹಾಕಲು ಮರಣಕ್ಕೂ ಶಕ್ತಿಯಿಲ್ಲ. ವಿಶ್ವಾಸಿಯ ಭಾವನೆ ಏರಿಳಿಯಬಹುದು. ಆಧಾರ ಮಾತ್ರ ಅಲುಗದು.

6. ಒಂದು ಸಾಕ್ಷಿ: ಪಂಡಿತಾ ರಮಾಬಾಯಿ

ಈ ಬೋಧನೆ ಬದುಕಿನಲ್ಲಿ ಯಾವ ರೂಪ ತಾಳುತ್ತದೆಂಬುದಕ್ಕೆ ನಮ್ಮ ನೆಲದಲ್ಲೇ ಹುಟ್ಟಿದ ಒಬ್ಬ ಸಾಕ್ಷಿಯನ್ನು ನೆನೆಯಬಹುದು. ಪಂಡಿತಾ ರಮಾಬಾಯಿಯವರು 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಜನಿಸಿದರು. 1870ರ ದಶಕದ ಬರಗಾಲದಲ್ಲಿ ತಂದೆತಾಯಿಗಳನ್ನೂ ಅಕ್ಕನನ್ನೂ ಕಳೆದುಕೊಂಡರು. ಅಣ್ಣನೊಡನೆ ಕಾಲ್ನಡಿಗೆಯಲ್ಲಿ ದೇಶ ಸುತ್ತಿದರು. 1880ರಲ್ಲಿ ಅಣ್ಣನೂ, 1882ರಲ್ಲಿ ಪತಿಯೂ ತೀರಿಕೊಂಡಾಗ ಅವರ ಮಡಿಲಲ್ಲಿ ಪುಟ್ಟ ಮಗಳು ಮನೋರಮಾ ಇದ್ದಳು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ವೈದ್ಯಶಿಕ್ಷಣದ ಅವರ ಆಸೆ ಕಿವಿಯ ದೋಷದಿಂದ ಕೈಗೂಡಲಿಲ್ಲ. ತಾವು ಮೊದಲು ಕ್ರೈಸ್ತ ಧರ್ಮವನ್ನು ಕಂಡುಕೊಂಡು, ವರ್ಷಗಳ ತರುವಾಯವೇ ಕ್ರಿಸ್ತನನ್ನು ಕಂಡುಕೊಂಡದ್ದಾಗಿ ಅವರು ತಮ್ಮ ಸಾಕ್ಷಿಯಲ್ಲಿ ಹೇಳಿಕೊಂಡಿದ್ದಾರೆ. ನಾವು ಮೇಲೆ ಹೇಳಿದ ಆಧಾರ ಇದೇ.

ಈ ಸಂತೋಷ ಅವರಿಂದ ಏನನ್ನು ಮಾಡಿಸಿತು? ಬರವನ್ನು ದೇವರ ಚಿತ್ತವೆಂದು ಹೇಳಿ ಕೈಕಟ್ಟಿ ಕುಳಿತುಕೊಳ್ಳಲಿಲ್ಲ. 1896–97ರ ಬರಗಾಲದಲ್ಲಿ ಮಧ್ಯಪ್ರಾಂತಗಳಿಗೆ ಹೋಗಿ ಹಸಿದ ಹೆಣ್ಣುಮಕ್ಕಳನ್ನೂ ವಿಧವೆಯರನ್ನೂ ಕರೆತಂದರು. ಪುಣೆಯ ಸಮೀಪದ ಕೆಡಗಾಂವದಲ್ಲಿ ಅವರಿಗೆ ಆಶ್ರಯವಾಗಿ ಮುಕ್ತಿ ಸದನ ಬೆಳೆಯಿತು. ತಾನು ಹಸಿದು ಅಲೆದ ದಾರಿಯಲ್ಲಿ ಹಸಿದು ಅಲೆಯುತ್ತಿದ್ದವರ ಜೊತೆ ಅವರು ಪಾಲುಗೊಂಡರು. 1921ರಲ್ಲಿ ಮಗಳು ಮನೋರಮಾ ತಾಯಿಗಿಂತ ಮೊದಲೇ ತೀರಿಕೊಂಡರು. ಆ ಶೋಕದ ನಡುವೆಯೂ ರಮಾಬಾಯಿಯವರು ಮೂಲಭಾಷೆಗಳಿಂದ ಸತ್ಯವೇದವನ್ನು ಮರಾಠಿಗೆ ತರುವ ಕೆಲಸವನ್ನು ಮುಂದುವರಿಸಿ, 1922ರ ಏಪ್ರಿಲ್ 5ರಂದು ಕರ್ತನಲ್ಲಿ ನಿದ್ರೆಹೋದರು. ಅವರ ಬದುಕಿನಲ್ಲಿ ಬಾಧೆ ಎಂದೂ ಒಳ್ಳೆಯದಾಗಲಿಲ್ಲ. ಆದರೆ ಅದು ಕೊನೆಯ ಮಾತಾಗಲೂ ಇಲ್ಲ.

7. ಸಭೆಯ ಸೇವೆಗೆ ಇದರಿಂದ ದೊರೆಯುವ ಬೋಧೆ

ಮೊದಲನೆಯದಾಗಿ, ಪ್ರಲಾಪಕ್ಕೆ ಆರಾಧನೆಯಲ್ಲಿ ಸ್ಥಾನ ಕೊಡಬೇಕು. ಕೀರ್ತನೆಗಳಲ್ಲಿ ಮೂರರಲ್ಲಿ ಒಂದು ಭಾಗದಷ್ಟು ಮೊರೆಯ ಕೀರ್ತನೆಗಳಿವೆ. 13ನೆಯ ಕೀರ್ತನೆ ಎಷ್ಟರವರೆಗೆ ಎಂಬ ಪ್ರಶ್ನೆಯಿಂದ ಆರಂಭವಾಗಿ ಹಾಡಿನಲ್ಲಿ ಮುಗಿಯುತ್ತದೆ. 88ನೆಯದು ಕತ್ತಲೆಯಲ್ಲಿಯೇ ಮುಗಿಯುತ್ತದೆ. ಅದನ್ನೂ ದೇವಜನರು ಪವಿತ್ರ ಗ್ರಂಥದಲ್ಲಿ ಉಳಿಸಿಕೊಂಡರು. ದೇವರ ಮುಂದೆ ಗೋಳಾಡುವವನು ದೇವರನ್ನು ಬಿಟ್ಟವನಲ್ಲ. ಸಂತೋಷದ ಗೀತೆಗಳನ್ನಷ್ಟೇ ಹಾಡುವ ಸಭೆಯಲ್ಲಿ ಶೋಕಿಸುವವನು ಹೊರಗಿನವನಾಗುತ್ತಾನೆ.

ಎರಡನೆಯದಾಗಿ, ಮಾತಿಗಿಂತ ಮೊದಲು ಪಾಲುಗಾರಿಕೆ ಇರಬೇಕು. ಯೋಬನ ಸ್ನೇಹಿತರು ಏಳು ದಿನ ಮೌನವಾಗಿ ನೆಲದ ಮೇಲೆ ಕುಳಿತಿದ್ದಾಗ ಒಳ್ಳೆಯ ಸ್ನೇಹಿತರಾಗಿದ್ದರು. ವಿವರಿಸಲು ತೊಡಗಿದಾಗ ಭಾರವಾದರು. ಟೆಗೆಲ್ ಸೆರೆಮನೆಯಿಂದ 1943ರ ಕ್ರಿಸ್ಮಸ್ ಹಿಂದಿನ ದಿನ ಬರೆದ ಪತ್ರದಲ್ಲಿ ಡೀಟ್ರಿಕ್ ಬಾನ್‌ಹಾಫರ್, ಪ್ರಿಯರ ಅಗಲಿಕೆಯಿಂದಾದ ಬರಿದನ್ನು ದೇವರು ತುಂಬುವುದಿಲ್ಲ, ಬರಿದಾಗಿಯೇ ಇರಿಸುತ್ತಾನೆ, ಹಾಗೆ ನೋವಿನಲ್ಲಿಯೂ ನಮ್ಮ ಅನ್ಯೋನ್ಯತೆಯನ್ನು ಕಾಯುತ್ತಾನೆ ಎಂಬ ವಿಚಾರವನ್ನು ಹಂಚಿಕೊಂಡಿದ್ದಾನೆ. ಶೋಕಿಸುವವರ ಬರಿದನ್ನು ಅವಸರದಿಂದ ವಚನಗಳಿಂದ ತುಂಬುವ ನಮಗೆ ಇದು ಎಚ್ಚರಿಕೆ.

ಮೂರನೆಯದಾಗಿ, ಸಂತೋಷವು ಔದಾರ್ಯವಾಗಿ ಹರಿಯಬೇಕು. ಎರಡನೆಯ ಕೊರಿಂಥ 8:1–2ರಲ್ಲಿ ಪೌಲನು ಮಕೆದೋನ್ಯದ ಸಭೆಗಳನ್ನು ಉದಾಹರಿಸುತ್ತಾನೆ. ಫಿಲಿಪ್ಪಿಯೂ ಅವುಗಳಲ್ಲಿ ಒಂದು. ಸಂಕಟ, ಕಡುಬಡತನ, ಸಂತೋಷ ಈ ಮೂರೂ ಅವರಲ್ಲಿ ಕೂಡಿ, ಯೆರೂಸಲೇಮಿನ ಬಡವರಿಗಾಗಿ ಧಾರಾಳವಾದ ದಾನವಾಗಿ ಹೊರಬಂದವು. ಒಬ್ಬರ ಆಸ್ಪತ್ರೆಯ ವೆಚ್ಚ, ಇನ್ನೊಬ್ಬರ ಮಕ್ಕಳ ಶುಲ್ಕ, ಮತ್ತೊಬ್ಬರ ಪರವಾಗಿ ಠಾಣೆಗೆ ಜೊತೆಹೋಗುವ ಧೈರ್ಯ, ಇವೂ ಕರ್ತನಲ್ಲಿ ಸಂತೋಷಪಡುವುದರ ಅಂಗಗಳೇ.

ಉಪಸಂಹಾರ

ಬಾಧೆ ತಾನಾಗಿಯೇ ಸಂತೋಷವನ್ನು ಹುಟ್ಟಿಸುವುದಿಲ್ಲ; ಬಾಧೆ ಇಲ್ಲದಾದ ಮೇಲೆಯೇ ಸಂತೋಷ ಬರುತ್ತದೆಂಬುದೂ ಸರಿಯಲ್ಲ. ಬಾಧೆಪಟ್ಟು ಎದ್ದ ಕ್ರಿಸ್ತನಲ್ಲಿ ಪಾಲುಹೊಂದುವುದೇ ಸಂತೋಷದ ಮೂಲ. ಆ ಪಾಲು ಸಭೆಯ ಪರಸ್ಪರ ಪಾಲುಗಾರಿಕೆಯಲ್ಲಿ ಕಣ್ಣಿಗೆ ಕಾಣುವಂತಾಗುತ್ತದೆ. ಕರ್ತನ ಮೇಜಿನಲ್ಲಿ ನಾವು ಮುರಿದ ರೊಟ್ಟಿಯನ್ನು ಕೃತಜ್ಞತಾಸ್ತುತಿಯೊಡನೆ ಹಂಚಿಕೊಳ್ಳುವಾಗ ಮುರಿತವೂ ಸ್ತುತಿಯೂ ಒಂದೇ ಕೈಯಲ್ಲಿರುತ್ತವೆ.

ಆದುದರಿಂದ ಫಿಲಿಪ್ಪಿ 4:4ನ್ನು ನಾವು ಇನ್ನು ಮುಂದೆಯೂ ರೋಗಿಯ ಹಾಸಿಗೆಯ ಬಳಿ, ಶೋಕದ ಮನೆಯಲ್ಲಿ ಓದೋಣ. ಆದರೆ ಅದನ್ನು ಓದುವ ಮೊದಲು 4:14ನ್ನು ನೆರವೇರಿಸಿರೋಣ. ಸಂಕಟದಲ್ಲಿ ಪಾಲುಗೊಂಡವರ ಬಾಯಿಂದ ಬಂದಾಗ ಸಂತೋಷದ ಕರೆ ಆಜ್ಞೆಯಂತೆ ಕೇಳಿಸುವುದಿಲ್ಲ; ಕರ್ತನು ಸಮೀಪವಾಗಿದ್ದಾನೆಂಬ ಶುಭವಾರ್ತೆಯಾಗಿ ಕೇಳಿಸುತ್ತದೆ.